ಶುದ್ಧವಾದ ಮೇಲೆ

ಗುರುವಾರ, ಜೂನ್ ೧೨

ಅಕ್ಕನಿಗೆ ಕೊನೆಗೂ ಹೇಳಿಬಿಟ್ಟೆ.

ಹಿಂದೆ ನಮ್ಮ ಲ್ಯಾಬಿನ ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕು, ಹಾಕಿದಾಗ ಗಾಜಿನ ತಟ್ಟೆಯಲ್ಲಿ ಸಾಯುತ್ತಿದ್ದ ನರಕೋಶಗಳು ಉಳಿದುಕೊಂಡಿದ್ದವು. ಅಕ್ಕನ ಕಾಯಿಲೆಯಲ್ಲಿ ಸಾಯುವುದೂ ಅವೇ ಕೋಶಗಳು. ಸುದ್ದಿ ಕೇಳಿದ ದಿನ ಅವಳು ಭಾವನನ್ನು ಎಬ್ಬಿಸಿ ಕೂರಿಸಿ ನನ್ನಿಂದ ಮತ್ತೊಮ್ಮೆ ಹೇಳಿಸಿದ್ದಳು.

ಪೆಪ್ಟೈಡಿನ ಶೀಶೆಯ ಮೇಲೆ ಶುದ್ಧತೆ ಶೇಕಡಾ ತೊಂಬತ್ತೆಂಟು ಎಂದಿತ್ತು. ಮಿಕ್ಕ ಎರಡು ಏನೆಂದು ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ವಾರ ಅದನ್ನೂ ತೆಗೆದೆವು. ಶುದ್ಧತೆ ಅಳೆಯುವ ಯಂತ್ರ ಬರೆದ ಗೆರೆಯಲ್ಲಿ ದೊಡ್ಡ ಶಿಖರದ ಪಕ್ಕದ ಸಣ್ಣ ಉಬ್ಬು ಮಾಯವಾಯಿತು. ನನಗೆ ಖುಷಿಯೋ ಖುಷಿ. ಅದನ್ನು ಕೋಶಗಳಿಗೆ ಹಾಕಿ ಬೆಳಿಗ್ಗೆ ನೋಡಿದರೆ ಎಲ್ಲ ಸತ್ತಿದ್ದವು.

“ಉಳಿಸಿದ್ದು ಆ ಕಲ್ಮಶ ಕಣಮ್ಮ, ಪೆಪ್ಟೈಡ್ ಅಲ್ಲ,” ಎಂದರು ಲ್ಯಾಬಿನ ಮೇಡಂ. “ಅದನ್ನ ಮನುಷ್ಯರಿಗೆ ಕೊಡೋ ಹಾಗಿಲ್ಲ. ಮೈಗೆ ವಿಷ.”

ಇಷ್ಟನ್ನೂ ಇವತ್ತು ಅಕ್ಕನಿಗೆ ಹೇಳಿದೆ. “ನಿನ್ನ ಕಣ್ಣಿಗೇ ಬಿತ್ತಲ್ಲ, ಒಳ್ಳೇದಾಯ್ತು ಬಿಡೇ,” ಎಂದಳು. ಆಮೇಲೆ, “ನಾಳೆಯಿಂದ ನನಗೆ ತಲೆ ಬಾಚಿ ಕೊಡ್ತೀಯಾ? ಕೈಲಾಗ್ತಿಲ್ಲ ಕಣೇ,” ಎಂದಳು.

ಹೂಂ ಎಂದೆ. ಕೈ ಎಷ್ಟು ನಡುಗಿದರೂ ಬಾಚಣಿಗೆಯನ್ನು ಯಾರಿಗೂ ಕೊಟ್ಟವಳಲ್ಲ ಅವಳು. ಆ ಹಟವನ್ನು ಇವತ್ತು ನಾನೇ ಮುರಿದುಬಿಟ್ಟೆ.