ಸೊಂಟ ಒಂಬತ್ತರ ಗಿರಾಕಿ

ಜುಲೈ 14, ಸೋಮವಾರ. ಬೆಳಿಗ್ಗೆ 9.40

ಇವತ್ತಿನ ಫೋನ್ ಮುಗಿಯಿತು. ಹನ್ನೊಂದು ಮನೆ, ಅವೇ ಮೂರು ಪ್ರಶ್ನೆ. ನಿನ್ನೆ ಎಷ್ಟು ಸಲ ಹೋದ್ರಿ? ರಕ್ತ ಬಿತ್ತಾ? ಮಾತ್ರೆ ತಗೊಂಡ್ರಾ? ಎಂ.ಎಸ್ಸಿ. ಓದಿ ಊರವರ ಕಕ್ಕಸಿನ ಲೆಕ್ಕ ಕೇಳುವ ಕೆಲಸ ಎಂದು ಅವ್ವ ಆಡಿಕೊಳ್ಳುತ್ತಾಳೆ. ಸುಳ್ಳೇನಲ್ಲ.

ಹೊಸಬರು ಹರಿಹರದ ಶಬ್ಬೀರ್ ಸಾಬರು. ಟೈಲರ್, ಐವತ್ತೆರಡು ವಯಸ್ಸು. ಆರು ವರ್ಷದಿಂದ ದೊಡ್ಡ ಕರುಳಿನ ತುಂಬ ಹುಣ್ಣು. ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ — ಮೈ ಕಾಯಬೇಕಾದ ಶಕ್ತಿಯೇ ಕರುಳನ್ನು ತಿನ್ನುತ್ತದೆ. ಹೊಸ ಔಷಧ ಪರೀಕ್ಷಿಸುವ ನಮ್ಮ ಈ ಟ್ರಯಲ್‌ನಲ್ಲಿ ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೋ, ನನಗೂ ಗೊತ್ತಿಲ್ಲ, ಡಾಕ್ಟರ್ ರುದ್ರಮುನಿಯವರಿಗೂ ಗೊತ್ತಿಲ್ಲ. ಒಂದೇ ಕಟ್ಟುನಿಟ್ಟು. ಲೆಕ್ಕ ಮೂರು ದಿನ ಏರುತ್ತ ಹೋದರೆ ಮಾತ್ರೆ ನಿಲ್ಲಿಸಿ ಕೂಡಲೇ ಬೇರೆ ಚಿಕಿತ್ಸೆ. ತಡವಾದರೆ ಕರುಳನ್ನೇ ತೆಗೆಯಬೇಕಾದೀತು.

ಶನಿವಾರ ಟ್ರಯಲ್‌ಗೆ ಸೇರುವ ಸಹಿ ಹಾಕಲು ಬಂದಾಗ ಸ್ಮಾರ್ಟ್‌ಫೋನ್ ಬರಲ್ಲ ಎಂದರು. "ಮಗಳು ಇದಾಳಲ್ರಿ, ಅವಳಿಗೆ ಹೇಳ್ರಿ, ಆ್ಯಪ್‌ನಾಗೆ ತುಂಬ್ತಾಳೆ" ಅಂದೆ. ಮಗಳು ಇರಮ್, ಬಿ.ಕಾಂ. ಚುರುಕು ಹುಡುಗಿ. ಸಾಬರು ನೆಲ ನೋಡಿದರು. ಡಾಕ್ಟರು, "ದಿನಾ ಲೆಕ್ಕ ಇಡ್ರಿ, ತಪ್ಪಿಸಬ್ಯಾಡ್ರಿ" ಎಂದಾಗ ಮಾತ್ರ ತಲೆಯಾಡಿಸಿದರು.

ಸಾಬರ ಲೆಕ್ಕ ದಿನಕ್ಕೆ ಆರು ಸಲದಿಂದ ಶುರು.

ಜುಲೈ 21

ಇರಮ್: "ಮೂರು ಸಲ ಅಂತ್ರಿ ಮೇಡಂ. ರಕ್ತ ಇಲ್ಲಂತೆ."

ಜುಲೈ 30

ಎರಡು! ಆ್ಯಪ್‌ನಲ್ಲಿ ಒಂದು ದಿನವೂ ಖಾಲಿ ಇಲ್ಲ. ಔಷಧ ಕಂಪನಿಯಿಂದ ನಮ್ಮ ಸೆಂಟರ್‌ಗೆ ಶಾಭಾಸ್‌ಗಿರಿಯ ಮೇಲ್. ಡಾಕ್ಟರು ಮಂಡಕ್ಕಿ, ಮಿರ್ಚಿ ತರಿಸಿದರು. ಕರುಳಿನ ಡಾಕ್ಟರು ತರಿಸುವಂಥದ್ದಲ್ಲ... ನಾಲ್ಕು ತಿಂದೆ. ಸಾಬರಿಗೆ ಹೊಸ ಮಾತ್ರೆಯೇ ಬಿದ್ದಿರಬೇಕು. ಹಾಗೆ ಅಂದುಕೊಳ್ಳಬಾರದು. ಅಂದುಕೊಂಡೆ.

ಆಗಸ್ಟ್ 12, ಮಂಗಳವಾರ. ಸಂಜೆ 6

ಸಾಬರ ನಾಲ್ಕನೇ ವಾರದ ಲ್ಯಾಬ್ ರಿಪೋರ್ಟ್ ಬಂತು. ಆ್ಯಪ್ ಪ್ರಕಾರ ದಿನಕ್ಕೆ ಎರಡು. ಮಲದ ಪರೀಕ್ಷೆ ಪ್ರಕಾರ ಕರುಳು ಉರಿಯುತ್ತಿದೆ. ಇರಬೇಕಾದ್ದಕ್ಕಿಂತ ಹತ್ತು ಪಟ್ಟು. ಹಿಮೋಗ್ಲೋಬಿನ್ ಹನ್ನೊಂದರಿಂದ ಎಂಟಕ್ಕೆ.

ಡಾಕ್ಟರು ಎರಡೂ ಹಾಳೆ ಪಕ್ಕಪಕ್ಕ ಇಟ್ಟರು. "ಲತಾ, ಇದರಾಗೆ ಒಂದು ಸುಳ್ಳು ಹೇಳ್ತೈತೆ."

ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿರಬೇಕು ಎಂದೆ. ಎಷ್ಟು ಬೇಗ ಹೇಳಿದೆ!

ಫೋನ್ ಮಾಡಿದೆ. ಇರಮ್ ಎತ್ತಿದಳು. "ಅಬ್ಬಾ ಆರಾಮ ಇದಾರ್ರಿ ಮೇಡಂ. ಎರಡೇ." ಮೊನ್ನೆ ವಿಸಿಟ್‌ಗೆ ಬಂದಾಗಲೂ ಅವಳೇ ಪಕ್ಕದಲ್ಲಿ ಕೂತು ಉತ್ತರ ಕೊಟ್ಟಿದ್ದಳು. ನಾಳೆ ನಾನೇ ಹೋಗಬೇಕು.

ಆಗಸ್ಟ್ 13

ಹರಿಹರ. ಮನೆಯ ಮುಂಭಾಗದಲ್ಲೇ ಅಂಗಡಿ. ಸಾಬರು ಮಿಷನ್ ಮುಂದೆ ಕೂತಿದ್ದರು. ಮೈ ಮೇಲಿನ ಷರ್ಟ್ ಭುಜದಿಂದ ಜಾರುತ್ತಿತ್ತು. ಊರಿಗೆಲ್ಲ ಷರ್ಟ್ ಹೊಲಿಯುವವರು.

"ಹೆಂಗಿದೀರಿ?"

"ಆರಾಮ ಐತ್ರಿ. ಬರ್ರಿ, ಕೂಡ್ರಿ."

"ನಿನ್ನೆ ಎಷ್ಟು ಸಲ ಹೋದ್ರಿ?"

ಮಗಳ ಕಡೆ ನೋಡಿದರು. "ಎರಡ್ರಿ."

ಇರಮ್ ಚಹಾ ಮಾಡಲು ಒಳಗೆ ಹೋದಳು. ಸಾಬರು ಗಿರಾಕಿಗಳ ಅಳತೆ ಪುಸ್ತಕ ಎಳೆದು, ಕೊನೆಯ ಪುಟ ತೆರೆದು ನನ್ನ ಮುಂದೆ ಸರಿಸಿದರು. ಹೆಸರು: ಬಕ್ಕೇಶಪ್ಪ. ದಿನಕ್ಕೊಂದು ಸಾಲು, ತಾರೀಖು ಸಮೇತ. ಸೊಂಟ 6. ಸೊಂಟ 7. ಸೊಂಟ 9. ಯಾವ ಮನುಷ್ಯನ ಸೊಂಟ ಒಂಬತ್ತು ಇಂಚು ಇರುತ್ತದೆ? ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಗೀಟು. ರಕ್ತ ಬಿದ್ದದ್ದಕ್ಕೆ. ನಿನ್ನೆಯ ಸಾಲು: ಸೊಂಟ 12, ಗೀಟು ಒಂಬತ್ತು. ಬಕ್ಕೇಶಪ್ಪ ಎನ್ನುವ ಗಿರಾಕಿಯೇ ಇಲ್ಲ.

"ಲೆಕ್ಕ ಇಡ್ರಿ ಅಂದಿದ್ರಲ್ರಿ ಡಾಕ್ಟ್ರು. ಇಟ್ಟಿದೀನಿ."

"ಮತ್ತೆ ಇರಮ್‌ಗೆ ಯಾಕ ಹೇಳ್ಲಿಲ್ಲ?"

"ಹೆಣ್ಮಗಳಿಗೆ ಹೆಂಗ್ರಿ ಹೇಳೋದು ಅದನ್ನ? ನೀವು ದವಾಖಾನಿಯೋರು, ಕೇಳಿದ್ರೆ ಹೇಳ್ತಿದ್ದೆ." ಪುಸ್ತಕ ಮುಚ್ಚಿದರು. "ನೀವು ಅವಳ್ನೇ ಕೇಳ್ತಿದ್ರಿ."

ಬೇಜಾರಿನಿಂದ ಹೇಳಲಿಲ್ಲ. ಅದೇ ಕಷ್ಟ. ನನ್ನಪ್ಪನಿಗೆ ನಾನು ಇವತ್ತಿಗೂ ಮುಟ್ಟಿನ ನೋವು ಎಂದಿಲ್ಲ, ತಲೆನೋವು ಎಂದೇ ಮಲಗುತ್ತೇನೆ. ಇಷ್ಟು ಗೊತ್ತಿದ್ದವಳು ಆ ಮಗಳ ಕೈಗೆ ಆ್ಯಪ್ ಕೊಟ್ಟೆ. ನಾಚಿಕೆಯಾಯಿತು.

ಕಾರು ಮಾಡಿಕೊಂಡು ಮೂವರೂ ದಾವಣಗೆರೆಯ ನಮ್ಮ ಆಸ್ಪತ್ರೆಗೆ. ಆ ಸ್ವಲ್ಪ ದೂರದಲ್ಲೇ ಎರಡು ಸಲ ನಿಲ್ಲಿಸಬೇಕಾಯಿತು. ಎರಡನೇ ಸಲಕ್ಕೆ ಇರಮ್‌ಗೆ ಎಲ್ಲ ಅರ್ಥವಾಯಿತು. ಕಿಟಕಿ ಕಡೆ ತಿರುಗಿ ಅತ್ತಳು.

ಆಗಸ್ಟ್ 14

ಅಡ್ಮಿಟ್ ಆಗಿದ್ದಾರೆ. ಟ್ರಯಲ್ ಮಾತ್ರೆ ಬಂದ್, ನಿನ್ನೆಯಿಂದಲೇ ಸ್ಟೀರಾಯ್ಡ್ ಇಂಜೆಕ್ಷನ್. ಮೂರು ದಿನ ನೋಡುವುದು. ಶನಿವಾರಕ್ಕೂ ಲೆಕ್ಕ ಎಂಟರ ಮೇಲೇ ಇದ್ದರೆ ಸರ್ಜನ್ ಕೈಗೆ.

ಕಂಪನಿ ವಿವರಣೆ ಕೇಳಿದೆ. "ಆ್ಯಪ್‌ನ ತಾಂತ್ರಿಕ ತೊಂದರೆಯಿಂದಾಗಿ" ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ. ಅಳಿಸಲೂ ಇಲ್ಲ.

ಆಗಸ್ಟ್ 16, ಶನಿವಾರ. ಬೆಳಿಗ್ಗೆ 8.30

ರೌಂಡ್ಸ್‌ಗೆ ಸರ್ಜನ್ ಕೂಡ ಬಂದಿದ್ದರು. ಡಾಕ್ಟರು ಕೇಳಿದರು, "ಎಷ್ಟು ಸಲ, ಸಾಬ್ರೆ?"

ಇರಮ್ ಎದ್ದಳು. ಅಳತೆ ಪುಸ್ತಕವನ್ನು ಅಪ್ಪನ ಮಡಿಲಲ್ಲಿಟ್ಟಳು. "ನಾ ಹೊರಗೆ ಹೋಗ್ತೀನಿ ಅಬ್ಬಾ, ನೀವು ಬರೀರಿ."

ಸಾಬರ ಕೈಗೆ ಡ್ರಿಪ್‌ನ ಸೂಜಿ ಚುಚ್ಚಿದ್ದರು. ಪೆನ್ಸಿಲ್ ಹಿಡಿಯಲು ಆಗಲಿಲ್ಲ. ಗೋಡೆ ನೋಡಿದರು, ನನ್ನನ್ನು ನೋಡಿದರು. ಕೊನೆಗೆ, "ಕೂಡು ಬೇಟಾ. ನೀನೇ ಬರಿ" ಎಂದರು. ಗಂಟಲು ಸರಿಮಾಡಿಕೊಂಡರು.

"ಐದು. ರಕ್ತ ಎರಡು ಸಲ."

ಅವಳು ಬರೆದಳು. ಮೇಲೆ ಬಕ್ಕೇಶಪ್ಪನ ಹೆಸರು ಹೊಡೆದುಹಾಕಿ, ಅಬ್ಬಾ ಎಂದು ಬರೆದಳು. ಲೆಕ್ಕ ಎಂಟರ ಕೆಳಗಿತ್ತು, ಸರ್ಜನ್ ಮುಂದಿನ ವಾರ್ಡಿಗೆ ಹೋದರು. ನನಗೆ ಉಸಿರು ಬಂತು.

10.50

ಹಳೆಯದನ್ನು ಅಳಿಸಿದೆ. ಕಂಪನಿಗೆ ಕಳಿಸುವುದನ್ನು ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ, ಕೈ ತಪ್ಪಿಸಿಕೊಳ್ಳದಿರಲಿ.

"ಆ್ಯಪ್ ಸರಿಯಾಗಿಯೇ ಇತ್ತು. ರೋಗಿಯ ಲೆಕ್ಕವೂ ಸರಿಯಾಗಿಯೇ ಇತ್ತು. ಮೂವತ್ತು ದಿನ ನಾನು ಫೋನ್ ಮಾಡಿ ಕೇಳಿದ್ದು ಅವರ ಮಗಳನ್ನು. ರೋಗಿಯನ್ನು ನಾನು ಒಮ್ಮೆಯೂ ಕೇಳಲಿಲ್ಲ."