ಏಳನೇ ತರಗತಿಗೆ ಬಳಿದ ಕೆಂಪು ಬಣ್ಣ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಏಳನೇ ತರಗತಿಯನ್ನು ನನ್ನಿಂದ ಕಿತ್ತುಕೊಂಡಿರಿ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳನ್ನು ಪಠ್ಯಪುಸ್ತಕಗಳ ಉಗ್ರಾಣಕ್ಕೆ ತಳ್ಳಿದಿರಿ. ಕಾರಣವೇನೆಂದರೆ, ನಿಮ್ಮ ಕೃತಕ ಬುದ್ಧಿಮತ್ತೆಯ ಯಂತ್ರ ನನ್ನ ತರಗತಿಗೆ ಕೆಂಪು ಬಣ್ಣ ಬಳಿಯಿತು. ಮಕ್ಕಳು ಟ್ಯಾಬ್ಲೆಟ್ಟಿನಲ್ಲಿ ಒತ್ತಿದ ಉತ್ತರಗಳಲ್ಲಿ ಮುಕ್ಕಾಲು ಪಾಲು ತಪ್ಪು, ಆದ್ದರಿಂದ ಶಿಕ್ಷಕಿ ಅಸಮರ್ಥಳು. ನೀವು ಕಣ್ಣು ಮುಚ್ಚಿ ಸಹಿ ಹಾಕಿದಿರಿ. ನನಗೆ ಸಿಟ್ಟು ಬಂದಿದೆ ಮಾನ್ಯರೇ, ಅದನ್ನು ವಿನಯದಲ್ಲಿ ಸುತ್ತಿ ಕೊಡುವ ಇರಾದೆ ನನಗಿಲ್ಲ.

ಆ ತಪ್ಪುಗಳನ್ನು ಮಾಡಿಸಿದವಳು ನಾನೇ. ನೀವೇ ಏರ್ಪಡಿಸಿದ್ದ ಮೂರು ದಿನದ ತರಬೇತಿಯಲ್ಲಿ ಕಲಿಕೆಯ ಸಂಶೋಧನೆ ಏನು ಹೇಳುತ್ತದೆಂದು ತಿಳಿಸಿಕೊಟ್ಟಿದ್ದರು: ಪಾಠಕ್ಕೆ ಮೊದಲೇ ಮಗು ಸ್ವತಃ ಪ್ರಯತ್ನಿಸಿ ಎಡವಲಿ, ಆಮೇಲೆ ತಿದ್ದಿ, ವಾರ ಕಳೆದ ಮೇಲೆ ಪುಸ್ತಕ ಮುಚ್ಚಿಸಿ ಮತ್ತೆ ಕೇಳಿ. ತಾವು ಉದ್ಘಾಟನೆ ಮುಗಿಸಿ ಹೊರಟುಹೋದಿರಿ. ನಾನು ಪೆದ್ದಿ, ಕೂತು ಕೇಳಿದೆ, ನಂಬಿದೆ, ಮಾಡಿದೆ. ನಿಮ್ಮ ಯಂತ್ರವನ್ನೂ ದೂರ ಇಡಲಿಲ್ಲ. ಮಕ್ಕಳ ತಪ್ಪುಗಳನ್ನು ವಿಂಗಡಿಸಿಕೊಡು ಎಂದು ಅದನ್ನೇ ಕೇಳಿದೆ. ಅರ್ಧಕ್ಕೆ ಮೂರರಲ್ಲೊಂದು ಭಾಗ ಕೂಡಿಸಿ ‘ಐದರಲ್ಲಿ ಎರಡು’ ಎಂದವರು ಹನ್ನೊಂದು ಮಂದಿ ಎಂದು ಕ್ಷಣದಲ್ಲಿ ತೋರಿಸಿತು. ಮರುದಿನ ಆ ಹನ್ನೊಂದು ಮಂದಿಯನ್ನು ಹತ್ತಿರ ಕೂರಿಸಿಕೊಂಡು ಕಾಗದ ಮಡಚಿ ತೋರಿಸಿದೆ. ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ, ಎರಡು ವರ್ಷದಿಂದ ತರಗತಿಯಲ್ಲಿ ತುಟಿ ಬಿಚ್ಚದವಳು, ಅವತ್ತು ಕೈ ಎತ್ತಿದಳು.

“ಮೇಡಂ, ಅರ್ಧಕ್ಕೆ ಇನ್ನೊಂಚೂರು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ? ನಾನು ಬರ್ದಿದ್ದೇ ತಪ್ಪು.”

ತನ್ನ ತಪ್ಪನ್ನು ಅಷ್ಟು ನೆಟ್ಟಗೆ ಒಪ್ಪಿಕೊಂಡವರನ್ನು ನಿಮ್ಮ ಕಚೇರಿಯಲ್ಲಂತೂ ನಾನು ಕಂಡಿಲ್ಲ. ಯಂತ್ರ ತಪ್ಪು ಎಲ್ಲಿದೆ ಎಂದು ತೋರಿಸಿತು. ಆ ತಪ್ಪು ಯಾಕೆ ಬಂತು ಎಂದು ನನ್ನನ್ನು ಕೇಳಬೇಕಾಗಿದ್ದವರು ನೀವು. ಒಂದು ಫೋನ್ ಮಾಡಲು ನಿಮ್ಮ ಗಂಟೇನು ಹೋಗುತ್ತಿತ್ತು?

ಪಕ್ಕದ ಕೋಣೆಯಲ್ಲಿ ಏಳನೇ ತರಗತಿಯ ಇನ್ನೊಂದು ವಿಭಾಗಕ್ಕೆ ಗಣಿತ ಕಲಿಸುವ ಮೇಷ್ಟ್ರು ಜಾಣರು. “ಉತ್ತರ ಬೋರ್ಡ್ ಮೇಲೆ ಬರ್ದುಬಿಡಿ ಮೇಡಂ, ನೋಡ್ಕೊಂಡು ಒತ್ಲಿ. ಸುಮ್ನೆ ಯಾಕೆ ತಲೆನೋವು?” ಎಂದು ನನಗೂ ಬುದ್ಧಿ ಹೇಳಿದ್ದರು. ಅವರ ತರಗತಿ ಹಚ್ಚಹಸಿರಾಯಿತು. ನೀವು ಅವರಿಗೆ ಪ್ರಶಸ್ತಿ ಪತ್ರ ಕೊಟ್ಟಿರಿ, ಜೊತೆಗೆ ನನ್ನ ಮಕ್ಕಳನ್ನೂ ಕೊಟ್ಟಿರಿ.

ಕಳೆದ ವಾರ ಅವರು ರಜೆ ಹಾಕಿದರು. ಬೇರೆ ಗತಿಯಿಲ್ಲದೆ ಮುಖ್ಯೋಪಾಧ್ಯಾಯಿನಿ ಒಂದು ದಿನದ ಮಟ್ಟಿಗೆ ನನ್ನನ್ನು ಉಗ್ರಾಣದಿಂದ ಕರೆಸಿದರು. ನಾನು ಟ್ಯಾಬ್ಲೆಟ್ ಮುಚ್ಚಿಸಿ, ಮೂರು ತಿಂಗಳ ಹಿಂದಿನ ಹತ್ತು ಲೆಕ್ಕಗಳನ್ನು ಎರಡೂ ತರಗತಿಗೆ ಕಾಗದದ ಮೇಲೆ ಕೊಟ್ಟೆ. ಹಸಿರು ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಮಾಡಿದವರು ಐದು ಮಂದಿ. ಕೆಂಪು ತರಗತಿಯಲ್ಲಿ ಇಪ್ಪತ್ತೊಂಬತ್ತು. ಆ ಕಾಗದಗಳೆಲ್ಲ ನನ್ನ ಬಳಿ ಭದ್ರವಾಗಿವೆ. ಶನಿವಾರದ ಪೋಷಕರ ಸಭೆಯಲ್ಲಿ ನಿಮ್ಮ ಆದೇಶದ ಪಕ್ಕದಲ್ಲೇ ಗೋಡೆಗೆ ಅಂಟಿಸುತ್ತೇನೆ. ಇದು ಸೇಡೇ ಎಂದು ಕೇಳಿದರೆ, ಹೌದು, ಸೇಡೇ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಲ್ಲ. ಅವತ್ತು ಗುಬ್ಬಿ ಐದು ಲೆಕ್ಕಗಳನ್ನು ಖಾಲಿ ಬಿಟ್ಟಿದ್ದಳು. ಗೊತ್ತಿದ್ದೂ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ತಲೆ ತಗ್ಗಿಸಿಯೇ ಹೇಳಿದಳು:

“ತಪ್ಪಾದ್ರೆ ಕೆಂಪು ಬರುತ್ತೆ ಮೇಡಂ. ನಮ್ಮಿಂದಾನೇ ಅಲ್ವಾ ನಿಮ್ಮನ್ನ ಕಳಿಸಿದ್ದು?”

ಇದನ್ನು ನಾನು ಕ್ಷಮಿಸುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿಸಿಕೊಳ್ಳಿ. ವಿಚಾರಣಾ ಸಮಿತಿ ಬೇಡ, ವಿಷಾದದ ಪತ್ರವೂ ಬೇಡ. ಸೋಮವಾರ ಮೊದಲ ಪಿರಿಯಡ್ಡಿಗೆ ಖುದ್ದಾಗಿ ಬನ್ನಿ. ಆ ಹುಡುಗಿಯ ಮುಂದೆ ನಿಂತು, “ತಪ್ಪು ನಿನ್ನದಲ್ಲ ಮಗಳೇ, ನನ್ನದು” ಎಂದು ಹೇಳಿ. ಅವಳಿಗೆ ಕೇಳಿಸದಿದ್ದರೆ ಇನ್ನೂ ಗಟ್ಟಿಯಾಗಿ ಹೇಳಿ. ಅವಳು ಹೂಂ ಎನ್ನುವವರೆಗೆ ನಿಮಗೆ ಕುರ್ಚಿ ಕೊಡುವುದಿಲ್ಲ.

ಇಂತಿ,
ಮೂವತ್ತಾರು ಮಕ್ಕಳ ಮೇಡಂ ಆಗಿದ್ದವಳು,
ಸದ್ಯಕ್ಕೆ ಉಗ್ರಾಣದ ಜಿರಲೆಗಳಿಗೆ ಮಾತ್ರ ಮೇಡಂ