ಹನ್ನೊಂದು ಸಲ ಹೂಂ

ಕೋರ್ಟಿನ ಎದುರಿನ ಹೊಲಿಗೆ ಅಂಗಡಿ,
ಬುಧವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ

ನನ್ನ ತಕರಾರಮ್ಮನಿಗೆ ಅಜ್ಜಿಯ ಮುತ್ತುಗಳು,

ಹೇಗಿದ್ದೀ ತಾಯಿ? ಕೆಮ್ಮು ನಿಂತಿತೇ? ಹೋದ ವಾರ ಕೇಳಿದಾಗ "ಏನಿಲ್ಲ ಅಜ್ಜಿ, ಧೂಳು" ಅಂದೆ. ನಿನ್ನನ್ನು ಎರಡು ತಿಂಗಳ ಮಟ್ಟಿಗೆ ಅಂತ ಕಳಿಸಿದ ಆ ಶಾಖೆಯಲ್ಲಿ ಹಳೇ ಫೈಲು ಜೋಡಿಸುವುದೇ ಕೆಲಸ ಅಂದಮೇಲೆ ಧೂಳು ಇರುತ್ತದೆ, ಸರಿ. ಆದರೆ ನಾಲ್ಕು ವರ್ಷ ಜಡ್ಜಿನ ಎದುರು ನಿಂತು ವಾದ ಮಾಡಿದ ವಕೀಲೆಗೆ ಇದ್ದಕ್ಕಿದ್ದಂತೆ ಧೂಳು ಹೊಡೆಯುವ ಕೆಲಸ ಯಾಕೆ ಬಂತು ಅನ್ನುವುದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೆ ಬಿಸಿನೀರು ಕುಡಿದರೆ ಆಗುವುದಿಲ್ಲ. ನನ್ನ ಮಂಡಿ ಎಂದಿನಂತೆ ಇದೆ, ಮೆಟ್ಟಿಲು ಕಂಡರೆ ಜಗಳ ತೆಗೆಯುತ್ತದೆ. ಕಣ್ಣು ಪರವಾಗಿಲ್ಲ, ಸೂಜಿಗೆ ದಾರ ಇನ್ನೂ ನಾನೇ ಪೋಣಿಸುತ್ತೇನೆ, ಮೂರನೇ ಸಲಕ್ಕೆ. ನಿಮ್ಮಮ್ಮ ಚೆನ್ನಾಗಿದ್ದಾಳೆ, ನನ್ನ ಮೇಲೆ ರೇಗುವಷ್ಟು ಶಕ್ತಿ ಇದೆ ಅಂದರೆ ಚೆನ್ನಾಗಿದ್ದಾಳೆ ಅಂತಲೇ ಲೆಕ್ಕ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಇದೇನು ಕಾಗದ ಅಂತ ನಗಬೇಡ. ನಿನ್ನ ಕೈಯಲ್ಲಿರುವ ಫೋನು ಆಫೀಸಿನವರು ಕೊಟ್ಟದ್ದು. ಕೊಟ್ಟವರಿಗೆ ಅದರೊಳಗೆ ಇಣುಕುವ ದಾರಿಯೂ ಗೊತ್ತಿರಬಹುದು. ಇದನ್ನು ಕೇಳಿ ನಿಮ್ಮಮ್ಮ "ಅಮ್ಮಾ, ನಿನಗೆ ಹಾಲಿನವನ ಮೇಲೂ ಅನುಮಾನ" ಅಂದಳು. ಹೌದು, ಅನುಮಾನವೇ. ಹಾಲಿನವನ ಅಳತೆ ಪಾತ್ರೆಯ ತಳ ಒಳಕ್ಕೆ ತಗ್ಗಿದ್ದನ್ನು ಕಂಡುಹಿಡಿದದ್ದು ಅವಳಾ, ನಾನಾ? ಅದಕ್ಕೇ ಈ ಕಾಗದವನ್ನು ನಿನ್ನ ಕೋಣೆಯ ವಿಳಾಸಕ್ಕೆ, ನಮ್ಮ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಈ ಊರಿನಲ್ಲಿ ನಮ್ಮ ಮಾತನ್ನಾಡುವ ಮನೆಗಳು ಬೆರಳೆಣಿಕೆಯಷ್ಟು, ಓದಬಲ್ಲವರು ಇನ್ನೂ ಕಡಿಮೆ. ಬೇರೆಯವರು ಒಡೆದು ನೋಡಿದರೂ ಇರುವೆ ಸಾಲು ನೋಡಿದ ಹಾಗಾಗಲಿ. ಶಾಲೆ ಮೆಟ್ಟಿಲು ಹತ್ತದ ನಾನು ವಕೀಲರ ಗೌನುಗಳಿಗೆ ಹೆಸರಿನ ಪಟ್ಟಿ ಹೊಲಿಯುತ್ತಾ ಈ ಊರಿನವರ ಅಕ್ಷರ ಕಲಿತೆ, ನಿನ್ನ ಪಕ್ಕ ಕೂತು ನಮ್ಮ ಅಕ್ಷರ ಕಲಿತೆ. ತಪ್ಪಿದ್ದರೆ ಹಿಂದಿನ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ನಿಮ್ಮ ಆಫೀಸಿನ ಟೈಪಿಸ್ಟ್ ಬಂದಳು, ಅದೇ, ಹೋದಲ್ಲೆಲ್ಲ ಕೊಡೆ ಮರೆತು ಬರುವವಳು. ಕೈಯಲ್ಲೊಂದು ಕರಿ ಗೌನು. "ಒಳಗಿನ ಹೆಸರಿನ ಪಟ್ಟಿ ಬಿಚ್ಚಬೇಕಂತೆ, ಉದ್ದ ಎರಡು ಬೆರಳು ಕಡಿಮೆ ಮಾಡಬೇಕಂತೆ, ಶುಕ್ರವಾರಕ್ಕೆ ಬೇಕಂತೆ" ಅಂದಳು. ಎಲ್ಲದಕ್ಕೂ ಅಂತೆ. ಯಾರು ಹೇಳಿದ್ದು ಅಂದರೆ "ದೊಡ್ಡ ವಕೀಲರು" ಅಂದು ಗೋಡೆ ನೋಡಿದಳು. ನಾನು ಕುತ್ತಿಗೆಯ ಭಾಗ ಮಗುಚಿದೆ. ನನ್ನದೇ ಹೊಲಿಗೆ, ನಿನ್ನದೇ ಹೆಸರು. ಅವರೆಲ್ಲ ನಿನ್ನ ಹೆಸರನ್ನು ಅರ್ಧಕ್ಕೆ ಮುರಿದು ಕರೆಯುತ್ತಾರೆ ಅಂತ ನಾನು ಹಟ ಹಿಡಿದು ಪೂರ್ತಿ ಹೆಸರನ್ನು ಬಿಳಿ ದಾರದಲ್ಲಿ ಹೊಲಿದಿದ್ದೆನಲ್ಲ, ಅದೇ ಗೌನು. ಎರಡು ತಿಂಗಳಲ್ಲಿ ವಾಪಸು ಬರುವವಳ ಗೌನನ್ನು ಯಾರಾದರೂ ಗಿಡ್ಡ ಮಾಡಿಸುತ್ತಾರಾ? ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. "ಇದಕ್ಕೆ ಸರಿಯಾದ ದಾರ ಮುಗಿದಿದೆ, ತರಿಸಬೇಕು" ಅಂದೆ. ನಲವತ್ತು ವರ್ಷದಲ್ಲಿ ಈ ಅಂಗಡಿಯಲ್ಲಿ ಕರಿ ದಾರ ಮುಗಿದದ್ದು ಅದೇ ಮೊದಲು.

ಗೌನು ಆಫೀಸಿನ ಸ್ವತ್ತು, ಬಿಟ್ಟು ಹೋದವರದು ಹೊಸಬರಿಗೆ, ಇದು ನಿಮ್ಮಲ್ಲಿನ ಪದ್ಧತಿ ಅಂತ ಗೊತ್ತು. ಆದರೆ ಆವತ್ತು ಕೂತು ಯೋಚಿಸಿದೆ. ನಿಮ್ಮ ಆಫೀಸಿನ ಗಂಡಸರ ಗೌನು ನನ್ನ ಹತ್ತಿರ ಬರುವುದು ಹೊಟ್ಟೆ ಬೆಳೆದಾಗ, ಅಗಲ ಮಾಡಿಸಲು. ಹೆಸರು ಬಿಚ್ಚಿಸಲು ಬಂದದ್ದು ನಿನಗಿಂತ ಮೊದಲು ಮೂರೇ, ಮೂರೂ ಹೆಂಗಸರದು. ಒಬ್ಬೊಬ್ಬರದು ಒಂದೊಂದು ಜನ, ಒಂದೊಂದು ನಂಬಿಕೆ. ಆದರೆ ಮೂವರ ಹೆಸರು ಹೇಳುವಾಗಲೂ ಆ ಆಫೀಸಿನವರ ನಾಲಿಗೆ ತೊಡರುತ್ತಿತ್ತು. ಮೊದಲನೆಯವಳಿಗೆ ಬಂದ ಕಕ್ಷಿದಾರರೆಲ್ಲ ಕಾಫಿ ತರಲು ಹೇಳುತ್ತಿದ್ದರಂತೆ. "ನಾನು ವಕೀಲೆ" ಅಂತ ಹೇಳಿ ಹೇಳಿ ಅವಳ ಬಾಯಿ ಬತ್ತಿತು. ಇನ್ನೊಬ್ಬಳು ತಲೆಗೆ ವಸ್ತ್ರ ಸುತ್ತುತ್ತಿದ್ದಳು. "ನಮಗೇನೂ ಇಲ್ಲಮ್ಮ, ಕಕ್ಷಿದಾರರಿಗೆ ಇರುಸುಮುರುಸು" ಅಂದರಂತೆ. ಮೂರನೆಯವಳು ಮೆತ್ತಗಿನವಳು, ಅವಳು ಬರೆದದ್ದನ್ನು ಇನ್ನೊಬ್ಬರು ಕೋರ್ಟಿನಲ್ಲಿ ನಿಂತು ಓದುತ್ತಿದ್ದರು. ಯಾರನ್ನೂ ಹೋಗು ಅನ್ನಲಿಲ್ಲ. ಎಲ್ಲರೂ ತಾವೇ ಹೋದರು. ಆಗ ನಾನು ಪಟ್ಟಿ ಬಿಚ್ಚಿ, ದಾರದ ಚೂರು ಗುಡಿಸಿ ಸುಮ್ಮನಾದೆ. ಮೂರು ಸಲವೂ ಸುಮ್ಮನಾದೆ. ಅದು ಈಗ ಚುಚ್ಚುತ್ತಿದೆ.

ಇಸ್ತ್ರಿಯಮ್ಮನ ಕೇಸು ನನಗಿಂತ ನಿನಗೇ ಗೊತ್ತು. ಆದರೂ ನನಗೆ ತಿಳಿದದ್ದನ್ನು ಸಾಲಾಗಿ ಬರೆಯುತ್ತೇನೆ, ಎಲ್ಲಾದರೂ ಕೊಂಡಿ ತಪ್ಪಿದ್ದರೆ ಹೇಳು. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಆವಿಯ ಇಸ್ತ್ರಿ ಯಂತ್ರಕ್ಕೆ ಕೈ ಸಿಕ್ಕಿ ಸುಟ್ಟುಕೊಂಡವಳು, ನಮ್ಮ ಮಾತಿನವಳು. ಮಾಲೀಕರ ಮೇಲೆ ಕೇಸು ಹಾಕಲು ನಿಮ್ಮ ಆಫೀಸಿಗೆ ಬಂದಳು. ಕೇಸು ದೊಡ್ಡ ವಕೀಲರದು. ನೀನು "ಅವರ ಮಾತು ಬರುವವಳು" ಅಂತ ಪಕ್ಕದ ಕುರ್ಚಿಗೆ. ಹೋದ ತಿಂಗಳು ಇಪ್ಪತ್ತನೇ ತಾರೀಕು, ಹನ್ನೊಂದು ಗಂಟೆಗೆ, ಎದುರು ಪಕ್ಷದವರು ಕಳಿಸಿದ ರಾಜಿಯ ಷರತ್ತುಗಳನ್ನು ಅವಳಿಗೆ ತಿಳಿಸುವ ಸಭೆ. ಶುರುವಾಗಿ ಹತ್ತು ನಿಮಿಷಕ್ಕೆ ನಿನ್ನನ್ನು ಎಬ್ಬಿಸಿ ಹೊರಗೆ ಕರೆದರು. ಆಫೀಸಿನ ಬಗ್ಗೆ ಪುಸ್ತಿಕೆ ಅಚ್ಚು ಹಾಕಿಸುತ್ತಾರೆ, ಫೋಟೋದವನು ಬಂದಿದ್ದಾನೆ ಅಂತ. ಆವತ್ತು ಸಂಜೆ ಮನೆಗೆ ಬಂದು ನೀನೇ ಅಂದೆ, "ನನ್ನನ್ನೇ ಮುಂದೆ ನಿಲ್ಲಿಸಿದರು ಅಜ್ಜಿ, ನಮ್ಮಲ್ಲಿ ಎಲ್ಲಾ ಥರದವರೂ ಇದ್ದಾರೆ ಅಂತ ಕಾಣಬೇಕಂತೆ. ಮುಕ್ಕಾಲು ಗಂಟೆ ನಕ್ಕೂ ನಕ್ಕೂ ದವಡೆ ನೋವು." ನೀನು ವಾಪಸು ಹೋಗುವಷ್ಟರಲ್ಲಿ ಸಭೆ ಮುಗಿದಿತ್ತು. ದೊಡ್ಡ ವಕೀಲರು ತಮ್ಮ ಮಾತಿನಲ್ಲೇ ಹನ್ನೊಂದು ಷರತ್ತು ಓದಿದರು. ಇಸ್ತ್ರಿಯಮ್ಮ ಹನ್ನೊಂದು ಸಲ ಹೂಂ ಅಂದಳು. ಅವರು ಹನ್ನೊಂದು ಸರಿ ಗುರುತು ಹಾಕಿ, ಕಕ್ಷಿದಾರಳು ಒಪ್ಪಿದ್ದಾಳೆ ಅಂತ ಎದುರು ಪಕ್ಷಕ್ಕೆ ಬರೆದುಬಿಟ್ಟರು.

ಹೂಂಗುಟ್ಟುವುದು ಅಂದರೇನು ಅಂತ ನಿನಗೆ ಹೇಳಬೇಕೇ? ನೀನು ಚಿಕ್ಕವಳಿದ್ದಾಗ ಹೂಂಗುಟ್ಟದಿದ್ದರೆ ನಾನು ಕಥೆಯನ್ನೇ ಮುಂದೆ ಹೇಳುತ್ತಿರಲಿಲ್ಲ. ರಾಕ್ಷಸ ಬಂದು ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಅಂದಾಗಲೂ ನೀನು ಹೂಂ ಅನ್ನುತ್ತಿದ್ದೆ. ಹೊತ್ತೊಯ್ದದ್ದಕ್ಕೆ ನಿನ್ನ ಒಪ್ಪಿಗೆ ಇತ್ತು ಅಂತಲೇ? ಇಸ್ತ್ರಿಯಮ್ಮ ನನ್ನ ಅಂಗಡಿಗೆ ಬಂದಿದ್ದಳು, ಬ್ಯಾಂಡೇಜು ಕಟ್ಟಿದ ಕೈಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು. "ನಾನೆಲ್ಲಿ ಒಪ್ಪಿದೆ ಅಮ್ಮಾ? ಅಷ್ಟು ದೊಡ್ಡವರು ನನ್ನ ಹತ್ತಿರ ಕೂತು ಮಾತಾಡ್ತಾ ಇದ್ದರು. ಸುಮ್ಮನಿದ್ದರೆ ಗೋಡೆಗೆ ಹೇಳಿದ ಹಾಗಾಗಲ್ವಾ? ಕೇಳ್ತಾ ಇದ್ದೀನಿ ಅಂತ ಹೂಂ ಅಂದೆ. ನಿಮ್ಮ ಹುಡುಗಿ ಬಂದ ಮೇಲೆ ಬಿಡಿಸಿ ಹೇಳ್ತಾಳೆ ಅಂತ ಕಾಯ್ತಾ ಇದ್ದೆ" ಅಂದಳು. ಆಮೇಲೆ ಕೈ ವಾಸಿಯಾದರೆ ಯಾವತ್ತಿನಿಂದ ಕೆಲಸಕ್ಕೆ ಹೋಗಲಿ ಅಂತ ನನ್ನನ್ನೇ ಕೇಳಿದಳು. ಎಂಟನೇ ಷರತ್ತಿನಲ್ಲಿ ಅವಳ ಕೆಲಸವೇ ಹೋಗಿದೆ ಅನ್ನುವುದು ಪಾಪ ಅವಳಿಗೆ ಗೊತ್ತೇ ಇರಲಿಲ್ಲ. ನೀನು ಅದನ್ನು ಬಿಡಿಸಿ ಹೇಳಿದಾಗ ಅವಳು ಆಫೀಸಿನಲ್ಲಿ ನಿಂತು "ಒಪ್ಪಲ್ಲ" ಅಂದಳು. ಅದಾದ ಮೂರನೇ ದಿನಕ್ಕೆ ನಿನಗೆ ಆ ಶಾಖೆಗೆ ಹೋಗಲು ಟಿಕೆಟ್ಟು ಬಂತು. ಎಷ್ಟು ಚುರುಕು ನೋಡು! ನಿನ್ನ ಕುರ್ಚಿಯ ಕಾಲು ಮುರಿದಾಗ ಸರಿ ಮಾಡಿಸಲು ಅವರಿಗೆ ಐದು ತಿಂಗಳು ಬೇಕಾಯಿತು.

ನಿನ್ನೆ ಟೈಪಿಸ್ಟ್ ಮತ್ತೆ ಬಂದಳು, ಕೊಡೆಯ ನೆಪದಲ್ಲಿ. ನನಗೆ ಮೊದಲು ಅವಳ ಮೇಲೇ ಅನುಮಾನ, ಗೌನು ಬಿಚ್ಚಿದ್ದೀನಾ ಅಂತ ನೋಡಲು ಕಳಿಸಿರಬೇಕು ಅಂತ. ಸ್ಟೂಲು ಕೂಡ ಕೊಡಲಿಲ್ಲ. ಅವಳು ನಿಂತೇ ಇದ್ದು, ಬಟ್ಟೆಯ ಚೂರು ಎತ್ತಿ ಇಟ್ಟು ಎತ್ತಿ ಇಟ್ಟು ಮಾಡಿ, ಕೊನೆಗೆ ಬಾಯಿ ಬಿಟ್ಟಳು. ಒಂದು ಕಾಗದ ಟೈಪು ಮಾಡಿದ್ದಾಳಂತೆ. "ಇಪ್ಪತ್ತನೇ ತಾರೀಕು ಹನ್ನೊಂದರಿಂದ ಹನ್ನೆರಡರವರೆಗೆ ನಾನು ಸಭೆಯಲ್ಲಿಯೇ ಇದ್ದು, ಕಕ್ಷಿದಾರಳ ಮಾತನ್ನು ತಪ್ಪಾಗಿ ತಿಳಿಸಿದೆನು" ಅಂತ ಅದರಲ್ಲಿದೆ. ಕೆಳಗೆ ನಿನ್ನ ಹೆಸರು, ಸಹಿಗೆ ಜಾಗ. ಈ ವಾರದೊಳಗೆ ನಿನ್ನ ಕೈ ಸೇರುತ್ತದೆ. "ಸುಮ್ಮನೆ ಫೈಲಿಗೆ ಒಂದು ಕಾಗದ" ಅನ್ನುತ್ತಾರಂತೆ. ಫೈಲಿಗಲ್ಲ, ಅದು ವಕೀಲರ ಪರಿಷತ್ತಿಗೆ ಹೋಗುತ್ತದೆ ಅಂತ ಅವಳ ಅಂದಾಜು. ಅಲ್ಲಿಗೆ ಹೋದರೆ ನಿನ್ನ ಸನ್ನದಿಗೇ ಕುತ್ತು. ಇಷ್ಟು ಹೇಳಿ ಒಂದು ಬಣ್ಣದ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಗಡಿಯಾರ ಚೆನ್ನಾಗಿ ಬಂದಿದೆ ಅಲ್ವಾ ಅಮ್ಮಾ?" ಅಂದು ಹೋಗೇಬಿಟ್ಟಳು. ಕೊಡೆ ಮತ್ತೆ ಇಲ್ಲೇ.

ಭೂತಗನ್ನಡಿ ಹಿಡಿದು ನೋಡಿದೆ. ನೀನು ಮುಂದಿನ ಸಾಲಿನ ನಡುವೆ ನಿಂತಿದ್ದೀಯ, ಎಡಗಡೆ ತುಟಿ ಮಾತ್ರ ನಗುತ್ತಿದೆ. ಹಿಂದಿನ ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತೈದು. ಅದರ ಕೆಳಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು, ಅದರಲ್ಲಿ ದಪ್ಪಗೆ ಇಪ್ಪತ್ತು. ಒಬ್ಬಳೇ ಹೆಂಗಸು ಒಂದೇ ಹೊತ್ತಿನಲ್ಲಿ ಫೋಟೋದಲ್ಲೂ ಸಭೆಯಲ್ಲೂ ಇರಲು ನೀನೇನು ಮಾಯಗಾತಿಯೇ? ಅವರಿಗೆ ಬೇಕಾದಾಗ ನಿನ್ನ ಮುಖ ಮುಂದಿನ ಸಾಲಿಗೆ, ತಪ್ಪು ಹೊರಲು ಬೇಕಾದಾಗ ನಿನ್ನ ಹೆಸರು ಕೊನೆಯ ಸಾಲಿಗೆ. ಪುಸ್ತಿಕೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮಡಿಚಬೇಡ, ಗಡಿಯಾರದ ಮೇಲೆ ಗೆರೆ ಬೀಳುತ್ತದೆ. ಆವತ್ತು ನಡೆದದ್ದನ್ನು ನೀನೂ ನಿನ್ನ ಕೈಯಾರೆ ಬರೆದಿಟ್ಟುಕೋ. ಇಸ್ತ್ರಿಯಮ್ಮ ಎಲ್ಲಿ ಬೇಕಾದರೂ ಬಂದು ಹೇಳುತ್ತಾಳಂತೆ. ಟೈಪಿಸ್ಟ್ ಹೆಸರು ಮಾತ್ರ ಎಲ್ಲೂ ಎತ್ತಬೇಡ, ಅವಳಿಗೂ ಹೊಟ್ಟೆಪಾಡು.

ದೊಡ್ಡ ವಕೀಲರು ಕೆಟ್ಟವರೇ ಅಂತ ನನ್ನನ್ನೇ ಕೇಳಿಕೊಂಡೆ. ಗೊತ್ತಿಲ್ಲ. ತಪ್ಪಾಯಿತು ಅಂತ ತಿಳಿದ ದಿನ ಸುತ್ತ ನೋಡಿರಬೇಕು, ಯಾರ ಮೇಲೆ ಹಾಕಿದರೆ ಎಲ್ಲರೂ ಸುಲಭವಾಗಿ ನಂಬುತ್ತಾರೆ ಅಂತ. ಹಾಗೆ ನೋಡಿದಾಗ ನೀನು ಕಂಡೆ. ಅಷ್ಟು ವರ್ಷ ನನ್ನಿಂದ ಗೌನು ಹೊಲಿಸಿಕೊಂಡವರು, ಕಂಕುಳು ಬಿಗಿಯಾದರೂ "ಪರವಾಗಿಲ್ಲಮ್ಮ" ಅನ್ನುವವರು. ಆ ಮೃದು ಮಾತಿಗೇ ನನಗೆ ಭಯ. ನಿಮ್ಮಮ್ಮ "ಸಹಿ ಹಾಕಿ ತಣ್ಣಗೆ ಬೇರೆ ಆಫೀಸು ಸೇರಲಿ" ಅನ್ನುತ್ತಾಳೆ. ಅವಳ ಮೇಲೆ ಸಿಟ್ಟಾಗಬೇಡ, ಹೆತ್ತ ಕರುಳು, ಹೆದರುತ್ತದೆ. ಆದರೆ ಆ ಕಾಗದ ನಿನಗಿಂತ ಮೊದಲೇ ಬೇರೆ ಆಫೀಸಿಗೆ ಹೋಗಿ ಕೂತಿರುತ್ತದೆ, ಇದು ನನ್ನ ಮಾತು.

ಹೊತ್ತು ಹೊತ್ತಿಗೆ ಉಣ್ಣು, ರಾತ್ರಿ ಕಿವಿ ಮುಚ್ಚಿಕೊಂಡು ಮಲಗು, ಬಾಗಿಲ ಚಿಲಕ ಎರಡು ಸಲ ನೋಡು. ನಿಮ್ಮಮ್ಮ ಅಕ್ಕರೆ ತಿಳಿಸಲು ಹೇಳಿದ್ದಾಳೆ. ನಿನಗೆ ಒಳ್ಳೆಯದಾಗಲಿ, ನಿನ್ನ ಗಂಟಲು ಗಟ್ಟಿಯಾಗಿರಲಿ ಅಂತ ದಿನಾ ಕೇಳಿಕೊಳ್ಳುವ,

ನಿನ್ನ ಅಜ್ಜಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ. ನಾಚಿಕೆಯಿಂದ ಇಲ್ಲಿಯವರೆಗೆ ಬರೆಯಲಿಲ್ಲ. ಇವತ್ತು ಬೆಳಿಗ್ಗೆ ದೊಡ್ಡ ವಕೀಲರು ಅಂಗಡಿಗೆ ಫೋನು ಮಾಡಿದ್ದರು. ಆಗ ನಾನು ಒಬ್ಬರ ಕೋಟಿನ ಅಂಚು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ, ಬಾಯಿ ತುಂಬ ಗುಂಡುಸೂಜಿ. ಅವರು ಆರೋಗ್ಯ ಕೇಳಿದರು, ಹೂಂ ಅಂದೆ. ಹುಡುಗಿ ಜಾಣೆ, ಸ್ವಲ್ಪ ಹಟ ಅಂದರು, ಹೂಂ ಅಂದೆ. ಒಂದು ಚಿಕ್ಕ ಸಹಿ, ಹಾಕಿದರೆ ಎಲ್ಲಾ ಮುಗಿಯುತ್ತೆ, ಹಿರಿಯರು ನೀವೂ ಹೇಳಿ ಅಂದರು, ಅದಕ್ಕೂ ಹೂಂ ಅಂದುಬಿಟ್ಟೆ ಮಗಳೇ. "ಸಂತೋಷ ಅಮ್ಮಾ, ಮನೆಯವರೂ ಒಪ್ಪಿದ್ದಾರೆ ಅಂತ ತಿಳಿಸ್ತೀನಿ" ಅಂದರು. ನಾನು ಸೂಜಿ ಉಗುಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಆ ಕಾಗದದ ಜೊತೆ ಅಜ್ಜಿಯೂ ಒಪ್ಪಿದ್ದಾರೆ ಅಂತ ಹೇಳಿಕಳಿಸಿದರೆ ನಂಬಬೇಡ. ಸಹಿ ಹಾಕಬೇಡ. ನಾಳೆ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ನಾನೇ ಹೋಗಿ ಅವರ ಮೇಜಿನ ಎದುರು ನಿಲ್ಲುತ್ತೇನೆ, ಮೆಟ್ಟಿಲಿದ್ದರೂ ಸರಿ. ಇಲ್ಲ ಅನ್ನುವುದಕ್ಕೆ ಅವರ ಮಾತಿನಲ್ಲಿ ಒಂದೇ ಪದ. ಅದು ನನಗೆ ಬರುತ್ತದೆ.